25 ರೂಪಾಯಿಯಿಂದ 3 ಲಕ್ಷದವರೆಗೆ: ಅಂಬೇಡ್ಕರ್ ಓದಿನ ಹಿಂದಿನ ದುಡ್ಡಿನ ಕಥೆ

ಕಾಲೇಜು ಶುರುವಾಯಿತೆಂದರೆ ತಾಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್‌ಗಳ ಮುಂದೆ ಮಕ್ಕಳ ಸಾಲು ನಿಲ್ಲುತ್ತೆ. ಕೈಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಗಡಿಬಿಡಿ ಅದು. ಸರ್ವರ್ ಡೌನ್, ಆಧಾರ್ ಲಿಂಕ್ ಆಗಿಲ್ಲ, ಹೆಸರಲ್ಲಿ ಒಂದಕ್ಷರ ತಪ್ಪಿದೆ ಅಂತ ಮಕ್ಕಳು ನಾಲ್ಕು ಸಲ ಓಡಾಡ್ತಾರೆ. ಪರಿಶಿಷ್ಟ ಜಾತಿ ಮಕ್ಕಳಿಗೆ ಸರ್ಕಾರದ ಖಜಾನೆಯಿಂದಲೇ ಉನ್ನತ ಓದಿನ ದುಡ್ಡು ಬರುವಂತೆ ಹಟ ಹಿಡಿದು ಮಾಡಿಸಿದ ವ್ಯಕ್ತಿ ಕೂಡ ಒಂದು ಕಾಲದಲ್ಲಿ ಹೀಗೇ ಸ್ಕಾಲರ್‌ಶಿಪ್ ದುಡ್ಡಿಗೆ ದಾರಿ ಕಾಯ್ದವರು. ಅದರ ಅವಧಿ ಮುಗಿದು ಓದು ಅರ್ಧಕ್ಕೆ ನಿಂತು ಊರಿಗೆ ವಾಪಸ್ ಬಂದವರು.

ಭೀಮರಾವ್ ಅಂಬೇಡ್ಕರ್ ಸಂವಿಧಾನ ಬರೆದದ್ದು, ನೀರಿಗಾಗಿ, ದೇವಸ್ಥಾನದ ಬಾಗಿಲಿಗಾಗಿ ಹೋರಾಡಿದ್ದು ಎಲ್ಲರಿಗೂ ಗೊತ್ತು. ಅವರ ಡಿಗ್ರಿಗಳ ಪಟ್ಟಿಯೂ ಪ್ರತಿ ವರ್ಷ ಏಪ್ರಿಲ್ 14ರ ಬ್ಯಾನರ್‌ಗಳಲ್ಲಿ ಅಚ್ಚಾಗುತ್ತೆ. ಆ ಒಂದೊಂದು ಡಿಗ್ರಿಗೂ ದುಡ್ಡು ಎಲ್ಲಿಂದ ಬಂತು ಅನ್ನೋದು ಮಾತ್ರ ಬ್ಯಾನರ್ ಮೇಲೆ ಬರೋದಿಲ್ಲ.

ಒಡವೆ ಗಿರವಿ ಇಟ್ಟು ತಂದ ಪುಸ್ತಕ

1891ರ ಏಪ್ರಿಲ್ 14ರಂದು ಮಧ್ಯಭಾರತದ ಮಹೂ ದಂಡು ಪ್ರದೇಶದಲ್ಲಿ ಹುಟ್ಟಿದ ಭೀಮರಾವ್, ರಾಮಜಿ ಸಕ್ಪಾಲ್ ಮತ್ತು ಭೀಮಾಬಾಯಿ ದಂಪತಿಯ 14ನೇ ಮಗು. ರಾಮಜಿ ಸೈನ್ಯದಲ್ಲಿ ಸುಬೇದಾರ್ ಆಗಿದ್ದವರು, ಸೈನ್ಯದ ಶಾಲೆಯಲ್ಲಿ ಪಾಠ ಹೇಳಿದವರು. ನಿವೃತ್ತಿ ಆದ ಮೇಲೆ ಸಂಸಾರ ಮುಂಬೈನ ಪರೇಲ್‌ಗೆ ಬಂತು. ಕಾರ್ಮಿಕರ ಚಾಳಿನಲ್ಲಿ ಒಂದೇ ಕೋಣೆ. ಅದರಲ್ಲೇ ಅಡುಗೆ, ಅದರಲ್ಲೇ ಮಲಗೋದು, ಅದರಲ್ಲೇ ಓದು. ಎಲ್ಲರೂ ಮಲಗಿದ ಮೇಲೆ ತಂದೆ ಎಚ್ಚರವಿದ್ದು ರಾತ್ರಿ ಎರಡು ಗಂಟೆಗೆ ಮಗನನ್ನು ಓದಲು ಎಬ್ಬಿಸೋರು.

ಹುಡುಗನಿಗೆ ಪುಸ್ತಕದ ಹುಚ್ಚು. ಪಿಂಚಣಿ ದುಡ್ಡು ಸಾಲದಾದಾಗ ರಾಮಜಿ ಮದುವೆಯಾದ ಹೆಣ್ಣುಮಕ್ಕಳ ಮನೆಗೆ ಹೋಗಿ ಒಡವೆ ಕೇಳಿ ತಂದು ಗಿರವಿ ಇಟ್ಟು ಪುಸ್ತಕ ಕೊಡಿಸೋರು. ಪಿಂಚಣಿ ಬಂದ ದಿನ ಬಿಡಿಸಿ ವಾಪಸ್ ಕೊಡೋರು. ಅಂಬೇಡ್ಕರ್ ಅವರಿಗೆ ಸಿಕ್ಕ ಮೊದಲ ವಿದ್ಯಾರ್ಥಿವೇತನ ಅಂದರೆ ಅಕ್ಕಂದಿರ ಈ ಒಡವೆಯೇ ಅಂದರೂ ತಪ್ಪಾಗಲಾರದು.

ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿ ಮೆಟ್ರಿಕ್ ಪಾಸಾದಾಗ ಸಮುದಾಯದವರು ಸನ್ಮಾನದ ಸಭೆ ಮಾಡಿದರು. ಅಸ್ಪೃಶ್ಯರೆನಿಸಿಕೊಂಡವರ ಮನೆಯ ಹುಡುಗ ಮೆಟ್ರಿಕ್ ಮುಟ್ಟೋದು ಆ ಕಾಲಕ್ಕೆ ಅಷ್ಟು ಅಪರೂಪ. ಆ ಸಭೆಯಲ್ಲಿ ಕೃಷ್ಣಾಜಿ ಅರ್ಜುನ ಕೇಳುಸ್ಕರ್ ಎಂಬ ಮೇಷ್ಟ್ರು ಇದ್ದರು. ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಹುಡುಗನಿಗೆ ಕೊಟ್ಟರು. ಮುಂದೆ ಕಾಲೇಜಿನಲ್ಲಿ ಇಂಟರ್ ಮುಗಿಯುವ ಹೊತ್ತಿಗೆ ತಂದೆಯ ಕೈ ಪೂರಾ ಖಾಲಿಯಾಗಿತ್ತು. ಆಗ ಇದೇ ಕೇಳುಸ್ಕರ್ ಹುಡುಗನನ್ನು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕ್‌ವಾಡರ ಮುಂದೆ ನಿಲ್ಲಿಸಿದರು. ಮಹಾರಾಜರು ಕೆಲವು ಪ್ರಶ್ನೆ ಕೇಳಿ, ಉತ್ತರ ಮೆಚ್ಚಿ, ತಿಂಗಳಿಗೆ 25 ರೂಪಾಯಿ ಮಂಜೂರು ಮಾಡಿದರು. ಮುಲ್ಲರ್ ಎಂಬ ಪ್ರಾಧ್ಯಾಪಕರು ಪುಸ್ತಕ, ಬಟ್ಟೆ ಕೊಟ್ಟರು. ಅದೇ ಕಾಲೇಜಿನ ಹೋಟೆಲಿನವನು ಮಾತ್ರ ಈ ಹುಡುಗನಿಗೆ ಚಹಾ ಹೋಗಲಿ, ನೀರೂ ಕೊಡುತ್ತಿರಲಿಲ್ಲ.

ಆ ಮೇಷ್ಟ್ರು ಕೈ ಹಿಡಿದು ಕರೆದೊಯ್ಯದಿದ್ದರೆ ಓದು ಅಲ್ಲಿಗೇ ನಿಲ್ಲುತ್ತಿತ್ತೇನೋ. ಯಾರ ಮನೆಯ ಹುಡುಗನಿಗೆ ಎಂಥ ಮೇಷ್ಟ್ರು ಸಿಗ್ತಾರೆ ಅನ್ನೋದರ ಮೇಲೆ ಓದು ನಿಂತಿದ್ದ ಕಾಲ ಅದು.

ಹತ್ತು ವರ್ಷದ ಕರಾರು

ಬಿ.ಎ. ಮುಗಿಸಿ 1913ರ ಜನವರಿಯಲ್ಲಿ ಭೀಮರಾವ್ ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಗೆ ಕಾಯಿಲೆ ಅಂತ ತಂತಿ ಬಂತು. ಫೆಬ್ರವರಿ 2ರಂದು ರಾಮಜಿ ತೀರಿಕೊಂಡರು. ಹೆಂಡತಿ ರಮಾಬಾಯಿ, ಕೈಗೂಸು ಯಶವಂತ, ತಂದೆ ಬಿಟ್ಟುಹೋದ ಸಂಸಾರ, ಎಲ್ಲದರ ಭಾರ 21ರ ಹುಡುಗನ ತಲೆ ಮೇಲೆ ಬಿತ್ತು.

ಅದೇ ವರ್ಷ ಸಯಾಜಿರಾವ್ ಕೆಲವು ವಿದ್ಯಾರ್ಥಿಗಳನ್ನು ಹೆಚ್ಚಿನ ಓದಿಗೆ ಅಮೆರಿಕಕ್ಕೆ ಕಳಿಸಲು ತೀರ್ಮಾನಿಸಿದರು. ಅದರಲ್ಲಿ ಭೀಮರಾವ್ ಹೆಸರೂ ಇತ್ತು. ಜೂನ್ 4ರಂದು ಕರಾರಿಗೆ ಸಹಿ ಬಿತ್ತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು.

ಆಗ ಒಂದು ಪೌಂಡ್ ಅಂದರೆ 15 ರೂಪಾಯಿ. ಹಾಗಾಗಿ ತಿಂಗಳಿಗೆ 172 ರೂಪಾಯಿ ಚಿಲ್ಲರೆ. ಮುಂಬೈ ಚಾಳಿನವರಿಗೆ ಇದು ದೊಡ್ಡ ಮೊತ್ತ. ಆದರೆ ನ್ಯೂಯಾರ್ಕ್‌ನಲ್ಲಿ ಅದು ಹೆಚ್ಚೂಕಮ್ಮಿ 56 ಡಾಲರ್. ಅದರಲ್ಲೇ ಬಾಡಿಗೆ, ಊಟ, ಪುಸ್ತಕ. ಅದರಲ್ಲೇ ಉಳಿಸಿ ರಮಾಬಾಯಿಗೂ ಕಳಿಸಬೇಕು.

ಜುಲೈ ತಿಂಗಳಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯ ತಲುಪಿದರು. ಈಗ ಅಮೆರಿಕಕ್ಕೆ ಪಿಎಚ್‌ಡಿಗೆ ಹೋಗುವ ನಮ್ಮ ಕಡೆಯ ಮಕ್ಕಳಿಗೆ ಹೆಚ್ಚಾಗಿ ವಿಶ್ವವಿದ್ಯಾಲಯವೇ ಅಸಿಸ್ಟೆಂಟ್‌ಶಿಪ್ ಕೊಡುತ್ತೆ. ಕೆಳಗಿನ ತರಗತಿಗೆ ಪಾಠ ಹೇಳೋದು, ಉತ್ತರಪತ್ರಿಕೆ ತಿದ್ದೋದು, ಇಲ್ಲವೇ ಪ್ರಾಧ್ಯಾಪಕರ ಸಂಶೋಧನೆಗೆ ಕೈಜೋಡಿಸೋದು. ಬದಲಿಗೆ ಫೀಸು ಮಾಫಿ, ತಿಂಗಳ ಖರ್ಚಿಗೆ ದುಡ್ಡು. ಅಂಬೇಡ್ಕರ್ ಖರ್ಚು ಹೊತ್ತದ್ದು ವಿಶ್ವವಿದ್ಯಾಲಯ ಅಲ್ಲ, ಸಾವಿರಾರು ಮೈಲಿ ದೂರದ ಒಬ್ಬ ಮಹಾರಾಜ. ಅಲ್ಲಿ ಯಾರಾದರೂ ಮನಸ್ಸು ಬದಲಿಸಿದರೆ ಇಲ್ಲಿ ಒಲೆ ಉರಿಯೋದಿಲ್ಲ. ಮೂರು ವರ್ಷದ ಗಡುವು ಅನ್ನೋದು ತಲೆ ಮೇಲೆ ತೂಗುವ ಗಡಿಯಾರದ ಹಾಗೆ.

ಮೊದಮೊದಲು ಹೊಸ ಊರಿನ ಖುಷಿಯಲ್ಲಿ ಸ್ವಲ್ಪ ದಿನ ಹೋದವು. ಚಹಾ ಕುಡಿಯೋಕೆ ಯಾರೂ ಜಾತಿ ಕೇಳದ ಊರು ಅದು. ಆಮೇಲೆ ಲೈಬ್ರರಿಗೆ ಅಂಟಿಕೊಂಡರು. ಅರ್ಥಶಾಸ್ತ್ರ, ಇತಿಹಾಸ, ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ ಅಂತ ಸಿಕ್ಕ ಕ್ಲಾಸಿಗೆಲ್ಲ ಕೂತರು. ಎಡ್ವಿನ್ ಸೆಲಿಗ್ಮನ್, ಜಾನ್ ಡ್ಯೂಯಿ ಥರದ ಗುರುಗಳು ಸಿಕ್ಕರು. 1915ರಲ್ಲಿ ಎಂ.ಎ. ಆಯಿತು. 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಮಂಡಿಸಿದರು. ಡಾಕ್ಟರೇಟ್‌ಗೂ ಪ್ರಬಂಧ ಬರೆದರು. ರೂಮಿನಲ್ಲಿ ಜೊತೆಗಿದ್ದ ನವಲ್ ಭಟೇನಾ ಎಂಬ ಪಾರ್ಸಿ ಗೆಳೆಯ ಜೀವಮಾನದ ಸ್ನೇಹಿತರಾದರು. ಹೊಟ್ಟೆ ಕಟ್ಟಿ ಉಳಿಸಿದ ದುಡ್ಡಲ್ಲಿ ಹಳೇ ಪುಸ್ತಕದ ಅಂಗಡಿ ಸುತ್ತಿ ಸುಮಾರು 2000 ಪುಸ್ತಕ ಕೂಡಿಹಾಕಿದರು.

ಡಾಕ್ಟರೇಟ್ ಪದವಿ ಮಾತ್ರ ಕೈಗೆ ಬರಲಿಲ್ಲ. ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರೇ ಪದವಿ ಅನ್ನೋದು ಅಲ್ಲಿನ ನಿಯಮ. ಅಚ್ಚು ಹಾಕಿಸೋಕೆ ದುಡ್ಡೆಲ್ಲಿ? ಪ್ರಾಂತೀಯ ಹಣಕಾಸಿನ ಬಗೆಗಿನ ಆ ಪುಸ್ತಕ ಅಚ್ಚಾದದ್ದು 1925ರಲ್ಲಿ, ಪಿಎಚ್‌ಡಿ ಅಧಿಕೃತವಾಗಿ ಸಿಕ್ಕಿದ್ದು 1927ರಲ್ಲಿ. ಓದು ಮುಗಿಸಿ ಹನ್ನೊಂದು ವರ್ಷ ಆದ ಮೇಲೆ!

ಅರ್ಧಕ್ಕೆ ನಿಂತ ಲಂಡನ್

1916ರಲ್ಲಿ ಅಮೆರಿಕದಿಂದ ಲಂಡನ್‌ಗೆ ಹೋಗಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ಗೂ, ಬ್ಯಾರಿಸ್ಟರ್ ಓದಿಗೆ ಗ್ರೇಸ್ ಇನ್‌ಗೂ ಸೇರಿದರು. ಅಷ್ಟರಲ್ಲಿ ಬರೋಡಾದಿಂದ ಅವಧಿ ಮುಗಿಯಿತು, ವಾಪಸ್ ಬಂದು ಕೆಲಸಕ್ಕೆ ಸೇರಬೇಕು ಅಂತ ಬಂತು. ಬೇರೆ ದಾರಿ ಇರಲಿಲ್ಲ. ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಬಹುದು ಅನ್ನುವ ಅನುಮತಿಯನ್ನಷ್ಟೇ ಕೈಯಲ್ಲಿ ಹಿಡಿದು 1917ರಲ್ಲಿ ಹೊರಟರು.

ಮೊದಲ ಮಹಾಯುದ್ಧದ ಕಾಲ. ಪುಸ್ತಕ, ಸಾಮಾನು ಬೇರೆ ಹಡಗಿನಲ್ಲಿ ಬರುತ್ತಿದ್ದವು. ಜರ್ಮನ್ ಜಲಾಂತರ್ಗಾಮಿಯ ಹೊಡೆತಕ್ಕೆ ಆ ಹಡಗು ಮುಳುಗಿತು. ಊಟ ಬಿಟ್ಟು ಕೊಂಡ ಪುಸ್ತಕ ಸಮುದ್ರದ ಪಾಲಾದವು. ಸಾಗಣೆ ಕಂಪನಿಯಿಂದ 600 ರೂಪಾಯಿ ಪರಿಹಾರ ಬಂತು. ಅದರಲ್ಲಿ ಒಂದಿಷ್ಟು ಮನೆ ಖರ್ಚಿಗೆ ಕೊಟ್ಟು, ಉಳಿದದ್ದರಲ್ಲಿ ಬರೋಡಾ ರೈಲು ಹತ್ತಿದರು.

ಬರೋಡಾದಲ್ಲಿ ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸ, ತಿಂಗಳಿಗೆ 150 ರೂಪಾಯಿ. ಇರೋಕೆ ಮನೆ ಯಾರೂ ಕೊಡಲಿಲ್ಲ. ಕೊನೆಗೆ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು, ಪಾರ್ಸಿ ಹೆಸರು ಹೇಳಿಕೊಂಡು ಒಂದು ಪಾರ್ಸಿ ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ಬೆಳಿಗ್ಗೆ ಕೋಲು ಹಿಡಿದ ಗುಂಪು ಬಂದು ಹೊರಗೆ ಹಾಕಿತು. ಪರಿಚಯದವರ ಮನೆಯಲ್ಲೂ ಜಾಗ ಸಿಗಲಿಲ್ಲ. ಮುಂಬೈ ರೈಲು ರಾತ್ರಿ ಒಂಬತ್ತಕ್ಕೆ. ಅಲ್ಲಿವರೆಗೂ ಕಾಮಾಠಿ ಬಾಗ್ ಅನ್ನುವ ಸಾರ್ವಜನಿಕ ಉದ್ಯಾನದಲ್ಲಿ ಕೂತರು. ಎರಡು ದೇಶಗಳಲ್ಲಿ ಓದಿ ಬಂದವರಿಗೆ ಆ ಊರಲ್ಲಿ ಕೂರೋಕೆ ಸಿಕ್ಕಿದ್ದು ಅದೊಂದೇ ಜಾಗ. ಇದನ್ನು ಅವರು ಮುಂದೆ ತಮ್ಮ ನೆನಪಿನ ಬರಹದಲ್ಲಿ ದಾಖಲಿಸಿದ್ದಾರೆ.

ಹೀಗೆ ಹತ್ತು ವರ್ಷದ ಕರಾರು ಕೆಲವೇ ದಿನಕ್ಕೆ ಮುರಿದುಬಿತ್ತು. ದುಡ್ಡು ಕೊಟ್ಟು ಓದಿಸಿದ ಸಂಸ್ಥಾನಕ್ಕೆ ಆ ಓದಿದ ಮನುಷ್ಯನನ್ನು ಇಟ್ಟುಕೊಳ್ಳಲು ಒಂದು ಕೋಣೆ ಕೊಡಲಾಗಲಿಲ್ಲ. ಮಹಾರಾಜರ ಮನಸ್ಸು ದೊಡ್ಡದಿತ್ತು, ಊರಿನದು ಇರಲಿಲ್ಲ.

ಮುಂಬೈಗೆ ಬಂದು ಮನೆಪಾಠ ಹೇಳಿದರು. ಷೇರು ವ್ಯವಹಾರದವರಿಗೆ ಸಲಹೆ ಕೊಡುವ ಕಚೇರಿ ತೆರೆದರು. ಜಾತಿ ಗೊತ್ತಾದ ಮೇಲೆ ಗಿರಾಕಿ ಬರೋದು ನಿಂತು ಅದೂ ಮುಚ್ಚಿತು. 1918ರ ನವೆಂಬರ್‌ನಲ್ಲಿ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು, ಸಂಬಳ 450 ರೂಪಾಯಿ. ಪಾಠ ಕೇಳೋಕೆ ಬೇರೆ ಕಾಲೇಜಿನ ಹುಡುಗರೂ ಬರೋರು. ಪ್ರಾಧ್ಯಾಪಕರ ಕೋಣೆಯ ನೀರಿನ ಹೂಜಿಯನ್ನು ಇವರು ಮುಟ್ಟಬಾರದು ಅಂತ ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು.

450 ರೂಪಾಯಿ ಒಳ್ಳೆ ಸಂಬಳ. ಆದರೂ ಸಂಸಾರ ಹಳೇ ಚಾಳಿನಲ್ಲೇ ಉಳೀತು. ಲಂಡನ್‌ನ ಆ ನಾಲ್ಕು ವರ್ಷದ ಗಡುವು ತಲೆಯಲ್ಲಿತ್ತು. ರಮಾಬಾಯಿ ಇಷ್ಟರಲ್ಲೇ ಮನೆ ತೂಗಿಸಿದರು. ಅವರಿಗೆ ಹುಟ್ಟಿದ ಐದು ಮಕ್ಕಳಲ್ಲಿ ಬದುಕಿ ಉಳಿದದ್ದು ಯಶವಂತ ಒಬ್ಬರೇ. ಅಂಬೇಡ್ಕರ್ ಡಿಗ್ರಿಗಳ ಲೆಕ್ಕ ಹೇಳುವಾಗ ರಮಾಬಾಯಿಯ ಈ ಲೆಕ್ಕವನ್ನೂ ಪಕ್ಕದಲ್ಲಿ ಇಡಬೇಕು. ಗಂಡ ವಿದೇಶದಲ್ಲಿದ್ದ ವರ್ಷಗಳ ಬಡತನ ಆಕೆಯದು. 1935ರಲ್ಲಿ ಆಕೆ ತೀರಿಕೊಂಡರು.

ಉಳಿತಾಯದ ದುಡ್ಡು, ಭಟೇನಾ ಕೊಟ್ಟ 5000 ರೂಪಾಯಿ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಇಷ್ಟು ಸೇರಿಸಿಕೊಂಡು 1920ರಲ್ಲಿ ಮತ್ತೆ ಲಂಡನ್ ಹಡಗು ಹತ್ತಿದರು. ಈ ಸಲ ಸ್ಕಾಲರ್‌ಶಿಪ್ ಇಲ್ಲ. ಖರ್ಚಾದ ಒಂದೊಂದು ಪೆನ್ನಿಯೂ ಸ್ವಂತದ್ದು, ಸಾಲದ್ದು ಇಲ್ಲವೇ ನೆರವಿನದ್ದು. ಬೋರ್ಡಿಂಗ್ ಮನೆಯ ಬೆಳಗಿನ ಬ್ರೆಡ್ಡಿನ ಚೂರು ತಿಂದು ಬ್ರಿಟಿಷ್ ಮ್ಯೂಸಿಯಂ ಲೈಬ್ರರಿಗೆ ಹೋದರೆ ಬಾಗಿಲು ಹಾಕುವವರೆಗೂ ಅಲ್ಲೇ. ಮಧ್ಯಾಹ್ನದ ಊಟಕ್ಕೆ ದುಡ್ಡಿರಲಿಲ್ಲ. ರಾತ್ರಿ ಹಸಿವಾದರೆ ಪರಿಚಯದವರು ಕೊಟ್ಟ ಹಪ್ಪಳ ಸುಟ್ಟು ತಿಂದು ಮತ್ತೆ ಓದು. 1921ರಲ್ಲಿ ಎಂ.ಎಸ್ಸಿ. ಆಯಿತು. ಆಮೇಲೆ ಬ್ಯಾರಿಸ್ಟರ್.

ಡಿ.ಎಸ್ಸಿ. ಪ್ರಬಂಧದ ವಿಷಯ ರೂಪಾಯಿಯ ಸಮಸ್ಯೆ. ಪೌಂಡಿನ ಎದುರು ರೂಪಾಯಿ ಬೆಲೆ ಹೇಗೆ ನಿಲ್ಲುತ್ತೆ, ಯಾರಿಗೆ ಲಾಭ, ಯಾರಿಗೆ ನಷ್ಟ ಅನ್ನುವ ಚರ್ಚೆ. ಹತ್ತು ವರ್ಷ ಪೌಂಡು, ರೂಪಾಯಿ ಲೆಕ್ಕ ಹಾಕಿಕೊಂಡೇ ಹೊಟ್ಟೆ ಹೊರೆದವರು ಬರೆದ ಪುಸ್ತಕ ಅದು. ಬ್ರಿಟಿಷ್ ಸರ್ಕಾರದ ಹಣಕಾಸು ನೀತಿ ಮೇಲಿನ ಟೀಕೆ ಪರೀಕ್ಷಕರಿಗೆ ಖಾರವಾಯಿತು. ತಿದ್ದಿ ಕೊಡಿ ಅಂದರು. ಅಷ್ಟೊತ್ತಿಗೆ ಕೈಯಲ್ಲಿದ್ದ ದುಡ್ಡು ಪೂರಾ ಮುಗಿದಿತ್ತು. 1923ರ ಏಪ್ರಿಲ್‌ನಲ್ಲಿ ಮುಂಬೈಗೆ ಬಂದು, ಇಲ್ಲಿಂದಲೇ ತಿದ್ದಿ ಕಳಿಸಿದರು. ವರ್ಷದ ಕೊನೆಗೆ ಡಿ.ಎಸ್ಸಿ. ಬಂತು. ಇನ್ನು ವಕೀಲಿ ಸನ್ನದು ಪಡೆಯೋಕೂ ದುಡ್ಡಿರಲಿಲ್ಲ. ಮತ್ತೆ ಭಟೇನಾ ಕೈ ಹಿಡಿದರು.

ಸೋಲಾಪುರ, ಧಾರವಾಡದ ಹಾಸ್ಟೆಲ್

ವಕೀಲಿ ಶುರುವಾಗಿ ಇನ್ನೂ ಕೈ ಹತ್ತಿರಲಿಲ್ಲ. ಅಷ್ಟರಲ್ಲೇ, 1924ರಲ್ಲಿ, ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಸಭಾದ ಮೊದಲ ಕೆಲಸಗಳಲ್ಲಿ ಒಂದು ಹೈಸ್ಕೂಲು ಮಕ್ಕಳ ಹಾಸ್ಟೆಲ್. 1925ರ ಜನವರಿಯಲ್ಲಿ ಸೋಲಾಪುರದಲ್ಲಿ ಅದು ಶುರುವಾಯಿತು. ಅದೇ ವರ್ಷ ನಿಪ್ಪಾಣಿಯಲ್ಲಿ ನಡೆದ ಸಮ್ಮೇಳನಕ್ಕೆ ಬಂದರು. ಮುಂದೆ ದಲಿತ ವರ್ಗಗಳ ಶಿಕ್ಷಣ ಸಂಘದ ಮೂಲಕ, ಆಗ ಮುಂಬೈ ಪ್ರಾಂತ್ಯದಲ್ಲೇ ಇದ್ದ ನಮ್ಮ ಧಾರವಾಡದಲ್ಲೂ 1929ರ ಹೊತ್ತಿಗೆ ವಿದ್ಯಾರ್ಥಿ ನಿಲಯ ತೆರೆದರು. ಬಲವಂತರಾವ್ ವರಾಳೆ ಅದರ ಮೇಲ್ವಿಚಾರಕರಾಗಿದ್ದರು.

ಹಾಸ್ಟೆಲ್ಲೇ ಯಾಕೆ? ಶಾಲೆ ಬಾಗಿಲು ತೆರೆದರೂ ಹಳ್ಳಿಯ ಹುಡುಗ ಪೇಟೆಗೆ ಬಂದರೆ ಇರೋದೆಲ್ಲಿ ಅನ್ನೋದು ಬರೋಡಾದಲ್ಲಿ ಕೋಣೆ ಸಿಗದೆ ಉದ್ಯಾನದಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತಿತ್ತು. ಫೀಸು ಕಟ್ಟಿಬಿಟ್ಟರೆ ಓದು ಆಗೋದಿಲ್ಲ. ತಲೆ ಮೇಲೆ ಸೂರು ಬೇಕು, ಎರಡು ಹೊತ್ತು ಅನ್ನ ಬೇಕು.

ಈ ನಿಲಯಗಳಿಗೆ ಸರ್ಕಾರ ಒಂದಿಷ್ಟು ಅನುದಾನ ಕೊಟ್ಟರೆ, ಉಳಿದದ್ದಕ್ಕೆ ದಾನಿಗಳ ಮುಂದೆ ಕೈ ಚಾಚಬೇಕಿತ್ತು. ದಾನಿ ಕೊಟ್ಟರೆ ನಡೀತು, ಇಲ್ಲದಿದ್ದರೆ ಇಲ್ಲ. 25 ರೂಪಾಯಿಗೆ ಮಹಾರಾಜರ ಮುಂದೆ ನಿಂತಿದ್ದಕ್ಕೂ ಇದಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ.

ವೈಸ್‌ರಾಯ್ ಮುಂದಿಟ್ಟ ಲೆಕ್ಕ

1942ರ ಜುಲೈನಲ್ಲಿ ಅಂಬೇಡ್ಕರ್ ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಈಗಿನ ಲೆಕ್ಕದಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿ. ಮೂರೇ ತಿಂಗಳಲ್ಲಿ, ಅಕ್ಟೋಬರ್ 29ರಂದು, ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ವೈಸ್‌ರಾಯ್ ಲಿನ್‌ಲಿತ್‌ಗೋ ಅವರಿಗೆ ಉದ್ದದ ಮನವಿ ಕೊಟ್ಟರು. ಉನ್ನತ ಶಿಕ್ಷಣ ಅದರ ದೊಡ್ಡ ಭಾಗ.

ಅವರ ವಾದ ಅಂಗಡಿ ಖಾತೆಯಷ್ಟು ಸರಳ. ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಭಾರತ ಸರ್ಕಾರ ವರ್ಷಕ್ಕೆ 3 ಲಕ್ಷ ರೂಪಾಯಿ ಕೊಡುತ್ತೆ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯಕ್ಕೂ 3 ಲಕ್ಷ ಕೊಡುತ್ತೆ. ಹಾಗಾದರೆ ಪರಿಶಿಷ್ಟ ಜಾತಿಯ ಮಕ್ಕಳ ಉನ್ನತ ಓದಿಗೂ 3 ಲಕ್ಷ ಕೊಡಬೇಕು. ವಿಜ್ಞಾನ, ತಂತ್ರಜ್ಞಾನ ಓದಬೇಕು, ವಿದೇಶಕ್ಕೂ ಹೋಗಬೇಕು, ಅದರ ಖರ್ಚು ಸರ್ಕಾರದ್ದು.

ಬರೀ ಪ್ರಾಥಮಿಕ ಶಾಲೆ ಸಾಕು ಅನ್ನೋದನ್ನು ಅವರು ಒಪ್ಪಲಿಲ್ಲ. ಆಡಳಿತದ ಎತ್ತರದ ಕುರ್ಚಿಯಲ್ಲಿ ಕೂತು ಆಯಕಟ್ಟಿನ ಜಾಗದಿಂದ ನೋಡುವ ನಾಲ್ಕು ಜನ ಇದ್ದರೆ ಕೆಳಗಿನ ಸಾವಿರ ಜನರಿಗೆ ರಕ್ಷಣೆ ಅನ್ನೋದು ಅವರ ಲೆಕ್ಕ. ಇದಕ್ಕೆ ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ಊರಿನ ಶಾಲೆಗೆ ಮೇಷ್ಟ್ರೇ ಇಲ್ಲದಿರುವಾಗ ಲಂಡನ್ ಓದು ಯಾಕೆ ಅಂತ ಕೇಳುವವರ ಮಾತಿನಲ್ಲೂ ನ್ಯಾಯವಿದೆ. ಅವರಿಗೆ ಎರಡೂ ಬೇಕಿತ್ತು. ಎರಡನೆಯದನ್ನು ಅವರು ಗಟ್ಟಿಯಾಗಿ ಕೇಳಿದರು.

3 ಲಕ್ಷ ಮಂಜೂರಾಯಿತು. ಕೆಲವು ವಿದ್ಯಾರ್ಥಿಗಳು ಆ ದುಡ್ಡಿನಲ್ಲಿ ಇಂಗ್ಲೆಂಡಿಗೂ ಹೋದರು. ಕೇಂದ್ರ ಸರ್ಕಾರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ 1944ರಲ್ಲಿ ಶುರುವಾಯಿತು. ಸ್ವಾತಂತ್ರ್ಯ ಬಂದ ಮೇಲೆ ಪರಿಶಿಷ್ಟ ಪಂಗಡಗಳಿಗೂ ಬಂತು. ತಾಲೂಕು ಕಚೇರಿ ಎದುರು ಸಾಲು ನಿಲ್ಲುವ ಮಕ್ಕಳ ಅರ್ಜಿಯ ಮೂಲ ಅಲ್ಲಿದೆ. ಕೇಂದ್ರದ ನಿಯಮದಂತೆ ಪೋಷಕರ ವಾರ್ಷಿಕ ಆದಾಯ 2.5 ಲಕ್ಷದೊಳಗಿದ್ದರೆ ಪಿಯುಸಿಯಿಂದ ಪಿಎಚ್‌ಡಿವರೆಗೂ ಅದು ಸಿಗುತ್ತೆ. ಖರ್ಚಿನಲ್ಲಿ ಕೇಂದ್ರದ್ದು 60 ಪಾಲು, ರಾಜ್ಯದ್ದು 40. ದುಡ್ಡು ತಡವಾಗಿ ಬರುತ್ತೆ, ಪರೀಕ್ಷೆ ಮುಗಿದ ಮೇಲೆ ಬರುತ್ತೆ ಅನ್ನುವ ದೂರು ಪ್ರತಿ ವರ್ಷದ್ದು. ಗಡುವು ತಪ್ಪಿದರೆ ಓದಿಗೆ ಏನಾಗುತ್ತೆ ಅನ್ನೋದನ್ನು 1917ರಲ್ಲೇ ಅನುಭವಿಸಿದವರ ಯೋಜನೆಗೆ ಇಂಥ ದೂರು ಬರಬಾರದಿತ್ತು.

1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ ಕಟ್ಟಿ, ಮರುವರ್ಷ ಮುಂಬೈನಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಎಲ್ಲ ಜಾತಿಯ ಮಕ್ಕಳಿಗೂ ಅಲ್ಲಿ ಪ್ರವೇಶವಿತ್ತು. ಕ್ಲಾಸು ಬೆಳಗಿನ ಹೊತ್ತು ಮಾತ್ರ, ಹುಡುಗರು ಹಗಲು ನೌಕರಿಗೆ ಹೋಗಿ ನಾಲ್ಕು ಕಾಸು ದುಡಿಯಲಿ ಅಂತ.

1952ರ ಜೂನ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಕರೆದು ಗೌರವ ಡಾಕ್ಟರೇಟ್ ಕೊಟ್ಟಿತು. ಹನ್ನೊಂದೂವರೆ ಪೌಂಡಿನ ವಿದ್ಯಾರ್ಥಿಯಾಗಿ ಕಾಲಿಟ್ಟು ಅಲ್ಲಿಗೆ 39 ವರ್ಷ. ನಾಲ್ಕು ವರ್ಷದ ನಂತರ, 1956ರ ಡಿಸೆಂಬರ್ 6ರಂದು, ದೆಹಲಿಯಲ್ಲಿ ತೀರಿಕೊಂಡರು.

ಅಂದ್ಹಾಗೆ, ಅಚ್ಚಿನ ಖರ್ಚಿಗೆ ದುಡ್ಡಿಲ್ಲದೆ ಪದವಿ ತಡವಾಗಿದ್ದ ಆ ಪಿಎಚ್‌ಡಿ ಪುಸ್ತಕದ ಮೊದಲ ಪುಟಗಳಲ್ಲಿ ಒಂದು ಅರ್ಪಣೆ ಇದೆ. ಬರೋಡಾ ಬಿಟ್ಟು ಎಂಟು ವರ್ಷ ಆಗಿತ್ತು. ಆ ಊರಿನ ನೆನಪು ಕಹಿಯೇ. ಆದರೂ ಅಂಬೇಡ್ಕರ್ ಆ ಪುಸ್ತಕವನ್ನು ಅರ್ಪಿಸಿದ್ದು ತಮ್ಮ ಓದಿಗೆ ನೆರವಾದ ಸಯಾಜಿರಾವ್ ಗಾಯಕ್‌ವಾಡರಿಗೇ.